ಇಬ್ಬರು ಆಡುವ ಆಟ



ಕಳೆದ ವರುಷ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಬಂದಳು. ಅವಳಿಗೆ ಮದುವೆಯಾಗಿ ಮೂರು ವರುಷಗಳಾಗಿದ್ದುವು. ಮನೆಯಲ್ಲಿ ಕೊರತೆಯೂ ಇಲ್ಲ, ಜಗಳವೂ ಇಲ್ಲ. ಆದರೂ ಮುಖದಲ್ಲಿ ಗೆಲುವಿರಲಿಲ್ಲ. “ಟೀಚರ್, ಊಟವಾದ ಮೇಲೆ ಅವರು ಒಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂರುತ್ತಾರೆ, ನಾನು ಇನ್ನೊಂದು ಮೂಲೆಯಲ್ಲಿ. ನಮಗೆ ಆಡಲು ಮಾತೇ ಇಲ್ಲ” ಎಂದಳು. ನಾನು ಬುದ್ಧಿವಾದ ಹೇಳಲಿಲ್ಲ. ಕಪಾಟಿನಿಂದ ನನ್ನ ತಾಯಿಯ ಚೆನ್ನೆಮಣೆಯನ್ನು ತೆಗೆದು ಅವಳ ಮುಂದಿಟ್ಟೆನು. ಅಂದು ಅವಳಿಗೆ ಹೇಳಿಕೊಟ್ಟ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತುಳುನಾಡಿನಲ್ಲಿ ಚೆನ್ನೆಮಣೆ ಎಂದು ಕರೆಯಲ್ಪಡುವ ಈ ಮಣೆಗೆ ಘಟ್ಟದ ಮೇಲೆ ಅಳಗುಳಿಮಣೆ ಎಂದು ಹೆಸರು. ತಮಿಳರು ಪಲ್ಲಾಂಗುಳಿ ಎನ್ನುತ್ತಾರೆ. ಇದೇ ಜಾತಿಯ ಆಟಗಳು ಆಫ್ರಿಕಾದಲ್ಲಿಯೂ ಪಶ್ಚಿಮ ಏಷ್ಯದಲ್ಲಿಯೂ ಬಹಳವಾಗಿ ಆಡಲ್ಪಡುತ್ತವೆ. ಅವುಗಳಿಗೆ ವಿದ್ವಾಂಸರು ಕೊಟ್ಟಿರುವ ಮಂಕಾಲ ಎಂಬ ಹೆಸರು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸು ಎಂಬ ಅರ್ಥದ ಅರಬ್ಬಿ ಧಾತುವಿನಿಂದ ಬಂದುದು. ನಮ್ಮ ಕಡೆ ಆಟಿ ತಿಂಗಳ ಜಡಿಮಳೆಯಲ್ಲಿ, ಹೊಲದ ಕೆಲಸ ನಿಂತಿರುವಾಗ, ಇದನ್ನು ಆಡುವುದು ವಾಡಿಕೆ.

ಮಣೆಯಲ್ಲಿ ಏಳೇಳರ ಎರಡು ಸಾಲುಗಳಾಗಿ 14 ಗುಳಿಗಳಿರುತ್ತವೆ. ಇಬ್ಬರು ಎದುರುಬದುರಾಗಿ ಕುಳಿತು, ತಮ್ಮ ಮುಂದಿನ ಸಾಲನ್ನು ತಮ್ಮದೆಂದು ಇಟ್ಟುಕೊಳ್ಳತಕ್ಕದ್ದು. ಗುಳಿಗೆ ನಾಲ್ಕರಂತೆ 56 ಹುಣಸೆಬೀಜಗಳು ಬೇಕು. ನಿಯಮಗಳು ಊರಿಂದೂರಿಗೆ ಬೇರೆಯಾಗುವುದರಿಂದ, ನಾನು ಕಲಿಸುವ ಸರಳವಾದ ಕ್ರಮವನ್ನು ಮಾತ್ರ ಹೇಳುತ್ತೇನೆ. ತನ್ನ ಸಾಲಿನ ಒಂದು ಗುಳಿಯ ಕಾಳನ್ನೆಲ್ಲಾ ಎತ್ತಿ, ಬಲಗಡೆಗೆ ಗುಳಿಗೊಂದರಂತೆ ಹಾಕುತ್ತಾ, ಎದುರಿನ ಸಾಲಿಗೂ ಸುತ್ತಿಕೊಂಡು ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯ ಕಾಳನ್ನು ಎತ್ತಿ ಹಾಗೆಯೇ ಮುಂದುವರಿಯಬೇಕು. ಮುಂದಿನ ಗುಳಿ ಬರಿದಾಗಿದ್ದರೆ, ಅದರ ಆಚೆಯ ಗುಳಿಯಲ್ಲಿರುವುದೆಲ್ಲಾ ಆಡಿದವರ ಪಾಲು. ಅಲ್ಲಿಗೆ ಸರದಿ ಮುಗಿಯಿತು. ಆಚೆಯದೂ ಬರಿದಾಗಿದ್ದರೆ ಏನೂ ದೊರೆಯದು.

ಈಗ ಮಣೆಯ ಮುಂದೆ ಕುಳಿತು ಪರೀಕ್ಷಿಸಿರಿ. ನಿಮ್ಮ ಎಡತುದಿಯ ಗುಳಿಯಿಂದ ಹೊರಟರೆ, ಏಳು ಸಲ ಕಾಳೆತ್ತಿ ಹಾಕಿದ ಮೇಲೆ, ಎದುರಾಳಿಯ ಮೊದಲನೆಯ ಗುಳಿ ಬರಿದಾಗಿಯೂ ಎರಡನೆಯದರಲ್ಲಿ 6 ಕಾಳುಗಳಿರುವುದಾಗಿಯೂ ಕಾಣುವಿರಿ. ಆ ಆರು ನಿಮ್ಮವು. ಬೇರೆ ಗುಳಿಯಿಂದ ಹೊರಟಿದ್ದರೆ ಎಷ್ಟು ದೊರೆಯುತ್ತಿತ್ತು? ಆಗಲೂ ಆರೇ. ಆರಂಭದಲ್ಲಿ ಎಲ್ಲಾ ಗುಳಿಗಳೂ ಸಮವಾಗಿದ್ದು, ಮಣೆ ಒಂದು ಚಕ್ರದಂತಿರುವುದರಿಂದ, ಎಲ್ಲಿಂದ ಹೊರಟರೂ ಲೆಕ್ಕ ಒಂದೇ. ಆದುದರಿಂದ ಮೊದಲನೆಯ ಗೆಲುವಿನಲ್ಲಿ ಜಾಣತನವಿಲ್ಲ. ಜಾಣತನ ಆರಂಭವಾಗುವುದು ಉತ್ತರ ಕೊಡುವವರಿಂದ.

ಉತ್ತರ ಕೊಡುವವರ ಸಾಲಿನಲ್ಲಿ ಆಗ ಅವರ ಎಡದಿಂದ ಮೂರನೆಯ ಗುಳಿಯಲ್ಲಿ 6, ನಾಲ್ಕನೆಯದರಲ್ಲಿ ಒಂಟಿ ಕಾಳು ಇರುತ್ತದೆ. ಹೊಸಬರ ಕೈ ತುಂಬಿದ ಗುಳಿಗೆ ಹೋಗುತ್ತದೆ. ಆ ಆರನ್ನೆತ್ತಿ ಸುತ್ತುಸುತ್ತಿ ಆಡಿದರೆ ಕೊನೆಗೆ ದೊರೆಯುವುದು 4. ಒಂಟಿ ಕಾಳನ್ನು ಪಕ್ಕಕ್ಕೆ ಸರಿಸಿದರೆ, ಮುಂದಿನ ಗುಳಿಯ 6 ಕೈಗೆ ಬಂದು, ಅವನ್ನು ಹಾಕಿ ಮುಗಿಸುವಷ್ಟರಲ್ಲಿ ಎದುರಿನವರ ಬರಿದಾದ ಗುಳಿ ಸಿಕ್ಕಿ, ಅದರಾಚೆಯ 7 ಕಾಳು ಲಭಿಸುತ್ತದೆ. ದೊಡ್ಡ ರಾಶಿ ದೊಡ್ಡ ಲಾಭವಲ್ಲ ಎಂಬುದನ್ನು ನಾನು ಗಣಿತದ ತರಗತಿಯಲ್ಲಿ ಎಷ್ಟು ಹೇಳಿದರೂ ನಾಟದು. ಮಣೆ ಒಂದೇ ಸಂಜೆಯಲ್ಲಿ ಕಲಿಸಿಬಿಡುತ್ತದೆ.

ಒಬ್ಬರ ಸಾಲಿನಲ್ಲಿ ಆಡಲು ಕಾಳಿಲ್ಲವಾದಾಗ ಆ ಸುತ್ತು ಮುಗಿಯಿತು, ಉಳಿದವು ಎದುರಿನವರಿಗೆ. ಒಬ್ಬರಿಗೆ 36, ಮತ್ತೊಬ್ಬರಿಗೆ 20 ಬಂದಿವೆ ಎನ್ನೋಣ. ಸೋತವರು ಇಪ್ಪತ್ತರಿಂದ ಐದು ಗುಳಿಗಳನ್ನು ತುಂಬಿ, ಎರಡನ್ನು ಮುಚ್ಚಿ, ಮತ್ತೆ ಆಡುತ್ತಾರೆ. ಮುಚ್ಚಿದ ಗುಳಿಗಳಲ್ಲಿ ಯಾರೂ ಕಾಳು ಹಾಕಬಾರದು. ಮುಂದಿನ ಸುತ್ತಿನಲ್ಲಿ ಗೆದ್ದು ಅವನ್ನು ತೆರೆದುಕೊಳ್ಳಬಹುದು. ಬಡವನಾದವನನ್ನು ಮನೆಯಿಂದ ಹೊರಗಟ್ಟದೆ, ಉಳಿದುದರಲ್ಲಿ ಬಾಳಲು ಬಿಡುವ ಈ ನಿಯಮ ನನಗೆ ಬಹಳ ಮೆಚ್ಚಿಕೆ.

ಬಲವು ಸಮವಾಗಿಲ್ಲದ ಇಬ್ಬರಿಗೆ, ಎಂದರೆ ತಂದೆಗೂ ಮಗಳಿಗೂ, ಆಡುಹುಲಿ ಆಟ ಒಳ್ಳೆಯದು. ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರೆ ಸಾಕು. 23 ಕೂಡುಸ್ಥಳಗಳು, 3 ಹುಲಿಗಳು, 15 ಆಡುಗಳು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಆಡಿಗೆ ಹಾರಲು ಬಾರದು. ಆದರೆ ಆಡುಗಳು ಒಂದಕ್ಕೊಂದು ಒತ್ತಾಗಿ ನಿಂತರೆ ಹುಲಿ ಅಲುಗಾಡಲಾರದೆ ಸೋಲುತ್ತದೆ. ಒಂದು ಆಟವಾದ ಮೇಲೆ ಪಕ್ಷಗಳನ್ನು ಬದಲಿಸಿಕೊಳ್ಳಿರಿ. ಸದಾ ಹುಲಿಯಾಗಿರುವ ತಂದೆ ಒಂದು ದಿನ ಆಡಾಗಿ ನೋಡುವುದು ಅವರಿಗೂ ಹಿತ.

ಇಂಥ ಆಟಗಳು ಕೇವಲ ಮಕ್ಕಳ ಕಾಲಹರಣವೆಂದು ಹಿರಿಯರು ಭಾವಿಸಿದವರಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದನ್ನು ಆಟಗಳಿಗಾಗಿಯೇ ಮೀಸಲಿಟ್ಟರು.

ಆದರೆ ಆಟದಲ್ಲಿ ಅಪಾಯವೂ ಇದೆ. ತುಳುನಾಡಿನ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತಾ ಜಗಳವಾಡಿ, ಒಬ್ಬಳು ಮಣೆಯಿಂದ ಹೊಡೆಯಲು ಮತ್ತೊಬ್ಬಳು ಸಾಯುತ್ತಾಳೆ. ಹೊಡೆದವಳು ಬಾವಿಗೆ ಬೀಳುತ್ತಾಳೆ. ಅಕ್ಕತಂಗಿಯರು ಎದುರೆದುರು ಚೆನ್ನೆಯಾಡಬಾರದೆಂದು ಹಿರಿಯರು ಹೇಳುವುದು ಇದರಿಂದಲೇ. ನಾನು ಎಳೆಯ ಉಪಾಧ್ಯಾಯಿನಿಯಾಗಿದ್ದಾಗ, ಬೋರ್ಡಿಂಗಿನಲ್ಲಿ ಅಕ್ಕತಂಗಿಯರಿಬ್ಬರು ಎರಡು ಕಾಳಿನ ಲೆಕ್ಕಕ್ಕಾಗಿ ಜಡೆ ಹಿಡಿದು ಜಗಳವಾಡಿದರು. ನಾನು ಮಣೆಯನ್ನು ಕಿತ್ತುಕೊಂಡು ಬೀಗ ಹಾಕಿಟ್ಟೆನು. ಆ ವರುಷವೆಲ್ಲಾ ಅವರು ಜಗಳವಾಡಲಿಲ್ಲ. ಒಬ್ಬರೊಡನೊಬ್ಬರು ಮಾತನ್ನೂ ಆಡಲಿಲ್ಲ. ಸೋಲಲು ಕಲಿಸಬೇಕಾದ ನಾನು, ಸೋಲನ್ನು ಕಲಿಯಬಹುದಾದ ಸ್ಥಳವನ್ನೇ ಮುಚ್ಚಿಬಿಟ್ಟೆನಲ್ಲಾ ಎಂಬ ಪಶ್ಚಾತ್ತಾಪ ಈಗಲೂ ಇದೆ.

ನನ್ನ ತಂದೆ ಮಿತಭಾಷಿಗಳು. ಅಮ್ಮನೊಡನೆ ಮನಸ್ತಾಪವಾದರೆ ಎರಡು ದಿನ ಬಾಯಿ ತೆರೆಯುತ್ತಿರಲಿಲ್ಲ. ಮೂರನೆಯ ಸಂಜೆ ಅಮ್ಮ ಸುಮ್ಮನೆ ಮಣೆಯನ್ನು ಜಗಲಿಯಲ್ಲಿಟ್ಟು ಕಾಳು ತುಂಬುವರು. ತಂದೆಯವರು ಸ್ವಲ್ಪ ಹೊತ್ತು ನೋಡಿ, ಬಂದು ಎದುರಿಗೆ ಕೂರುವರು. “ನಿನ್ನ ಸರದಿ” ಎಂಬುದೇ ಅವರ ಮೊದಲನೆಯ ಮಾತು. ಮುಂದೆ ಅಮ್ಮನಿಗೆ ಕಣ್ಣು ಮಂಜಾದಾಗಲೂ ಆಟ ನಿಲ್ಲಲಿಲ್ಲ. ಅವರು ಬೆರಳಿನಿಂದ ಗುಳಿ ತಡವಿ ಕಾಳೆಣಿಸುವರು. ತಂದೆಯವರು ತಾವು ಆಡಿದುದನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳುವರು. ಅಷ್ಟು ಮಾತನ್ನು ಅವರು ಜೀವಮಾನದಲ್ಲಿ ಬೇರೆಲ್ಲಿಯೂ ಆಡಿದ್ದನ್ನು ನಾನು ಕೇಳಿಲ್ಲ.

ಆದುದರಿಂದ ನಿಮ್ಮಲ್ಲಿ ನನ್ನ ವಿಜ್ಞಾಪನೆ ಇಷ್ಟು. ಹಣದ ಪಣ ಬೇಡ. ಪಗಡೆಯ ಪಣದಿಂದ ಧರ್ಮರಾಯನಿಗಾದ ಗತಿ ನಿಮಗೆ ಗೊತ್ತಿದೆ. ಮಕ್ಕಳಿಗೆ ಬೇಕೆಂದೇ ಸೋತು ಕೊಡಬೇಡಿರಿ. ಅವರು ಅದನ್ನು ಬೇಗನೆ ಕಂಡುಹಿಡಿಯುತ್ತಾರೆ. ಎದುರಿನವರು ಯೋಚಿಸುತ್ತಿರುವಾಗ ಅವರ ಕಾಳಿಗೆ ಕೈ ಹಾಕಬೇಡಿರಿ. ಗೆದ್ದವರು ಕಾಳುಗಳನ್ನು ಎತ್ತಿಡಲಿ.

ಆ ಹುಡುಗಿ ಮೊನ್ನೆ ಫೋನು ಮಾಡಿದ್ದಳು. “ಅವರು ಸೋತರೆ ಏಳುವುದೇ ಇಲ್ಲ ಟೀಚರ್, ಇನ್ನೊಂದು ಆಟ ಎನ್ನುತ್ತಾರೆ. ಅವರ ಅಜ್ಜಿಯ ಮನೆಯಲ್ಲಿಯೂ ಇಂಥ ಮಣೆ ಇತ್ತಂತೆ, ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ” ಎಂದಳು. ಮಣೆಯನ್ನು ಹಿಂದಿರುಗಿಸುತ್ತೇನೆಂದೂ ಹೇಳಿದಳು. ಅವಸರವಿಲ್ಲವೆಂದು ತಿಳಿಸಿದ್ದೇನೆ.