ಶಾಲಾಪೂರ್ವ ಮಕ್ಕಳ ಮಾತು ಮತ್ತು ಓದು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪೀಠಿಕೆ

“ಅಂಗನವಾಡಿಯಲ್ಲಿ ಬರೀ ಆಟ, ಹಾಡು, ಅಕ್ಷರ ಕಲಿಸುವುದಿಲ್ಲ” ಎಂಬ ದೂರು ಗ್ರಾಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ನಂಬಿ ಪೋಷಕರು ಮಗುವನ್ನು ಬಿಡಿಸುವುದೂ, ಕಾರ್ಯಕರ್ತೆಯರು ಒತ್ತಡಕ್ಕೆ ಮಣಿದು ಮೂರು ವರ್ಷದ ಮಗುವಿನಿಂದ ಸ್ಲೇಟು ತಿದ್ದಿಸುವುದೂ ಉಂಟು. ದೂರಿಗೆ ಉತ್ತರ ಹೇಳಬೇಕಾದ ಸದಸ್ಯರು, ಮಕ್ಕಳು ಭಾಷೆಯನ್ನು ಕಲಿಯುವ ಬಗೆಯನ್ನು ತಿಳಿದಿರುವುದು ಅವಶ್ಯ.

1. ಕಲಿಕೆ ಕಿವಿಯಿಂದ ಆರಂಭ

ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಲಾಯಿತು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಆ ವ್ಯತ್ಯಾಸವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ವೇಳೆಗೆ ಆ ಸಾಮರ್ಥ್ಯ ಬಹುತೇಕ ಕುಂದಿತ್ತು. ಮಗುವಿನ ಕಿವಿಯು ಮೊದಲ ವರ್ಷದಲ್ಲೇ ಸುತ್ತಲಿನ ಭಾಷೆಗೆ ಹೊಂದಿಕೊಳ್ಳುತ್ತದೆ ಎಂಬುದು ಇದರ ಸಾರ.

ಮುಂದೆ ಮಗು ನಿಯಮಗಳನ್ನೂ ತಾನೇ ಕಂಡುಕೊಳ್ಳುತ್ತದೆ. ‘ಮನೆಗೆ’ ಎನ್ನುವ ಮಗುವೇ ‘ಮರಕ್ಕೆ’ ಎನ್ನುತ್ತದೆ; ಈ ವಿಭಕ್ತಿಯ ನಿಯಮವನ್ನು ಅದಕ್ಕೆ ಯಾರೂ ಪಾಠ ಮಾಡಿರುವುದಿಲ್ಲ. ಹಿರಿಯರೊಡನೆ ನಡೆದ ಮಾತುಕತೆಯೇ ಅದಕ್ಕೆ ಪಾಠ.

2. ಕನ್ನಡದ ಓದಿನ ಹಾದಿ

ವರ್ಣಮಾಲೆಯ 49 ಅಕ್ಷರಗಳೊಂದಿಗೆ ಓದು ಮುಗಿಯುವುದಿಲ್ಲ. ಕಾಗುಣಿತದಿಂದ ನಾನೂರಕ್ಕೂ ಹೆಚ್ಚು ರೂಪಗಳು ಹುಟ್ಟುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳ ಕಲಿಕೆಯು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ‘ಕಿ’ಯೊಳಗೆ ‘ಕ್’ ಮತ್ತು ‘ಇ’ ಎಂಬ ಎರಡು ಧ್ವನಿಗಳಿವೆ ಎಂಬ ಅರಿವು ಇನ್ನೂ ನಿಧಾನವಾಗಿ ಮೂಡುತ್ತದೆ.

ಆದ್ದರಿಂದ ಮೂರನೆಯ ವಯಸ್ಸಿನಲ್ಲಿ ಅವಸರಪಡಿಸಿ ಫಲವಿಲ್ಲ. ನೀರುಣಿಸಿ ಗಟ್ಟಿಗೊಳ್ಳದ ಪಾಯದ ಮೇಲೆ ಗೋಡೆ ಎತ್ತಲು ಯಾವ ಸದಸ್ಯರೂ ಒಪ್ಪುವುದಿಲ್ಲ. ಓದಿಗೆ ಪಾಯವೆಂದರೆ ಕಥೆ, ಒಗಟು, ಪ್ರಾಸದ ಹಾಡು. ‘ಕಡಲೆ’ ಎಂಬ ಪದಕ್ಕೆ ಮೂರು ಚಪ್ಪಾಳೆ ತಟ್ಟುವ ಮಗು ಪದವನ್ನು ಬಿಡಿಸಿ ಕೇಳುವುದನ್ನು ಕಲಿಯುತ್ತಿರುತ್ತದೆ. ಹೊರಗಿನಿಂದ ಆಟವಾಗಿ ಕಾಣುವುದು ಓದಿನ ಸಿದ್ಧತೆಯೇ ಆಗಿದೆ.

3. ಮನೆಮಾತು ಬೇರೆಯಿದ್ದಾಗ

ಲಂಬಾಣಿ, ಉರ್ದು, ತುಳು, ತೆಲುಗು ಮುಂತಾದ ಮನೆಮಾತಿನ ಮಕ್ಕಳು ಅಂಗನವಾಡಿಯಲ್ಲಿ ಮೌನವಾಗಿರುವುದನ್ನು ದಡ್ಡತನವೆಂದು ಭಾವಿಸಬಾರದು. ಮನೆಮಾತಿನಲ್ಲಿ ಕಥೆ ಹೇಳಲು ಅವಕಾಶವಿದ್ದರೆ ಅದರ ಆಸರೆಯಿಂದಲೇ ಮಗು ಕನ್ನಡಕ್ಕೆ ಬರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ ಆಟ ಆಧಾರಿತ ಕಲಿಕೆಗೂ ಮನೆಮಾತಿಗೂ ಒತ್ತು ನೀಡಿದೆ.

4. ಸದಸ್ಯರ ಪಾತ್ರ

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಶಿಕ್ಷಣ, ಗ್ರಂಥಾಲಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸೇರಿವೆ. ಅದರಂತೆ ಸದಸ್ಯರು:

ಅ) ಅಂಗನವಾಡಿಗೆ ಭೇಟಿ ನೀಡಿದಾಗ ಕಟ್ಟಡ, ಆಹಾರ ದಾಸ್ತಾನುಗಳೊಡನೆ ಮಕ್ಕಳು ಎಷ್ಟು ಮಾತನಾಡುತ್ತಿದ್ದಾರೆ ಎಂಬುದನ್ನೂ ಗಮನಿಸುವುದು.

ಆ) ಪಂಚಾಯಿತಿ ಗ್ರಂಥಾಲಯದಲ್ಲಿ ಪುಟ್ಟ ಮಕ್ಕಳ ಕೈಗೆಟಕುವ ಎತ್ತರದಲ್ಲಿ ಚಿತ್ರಪುಸ್ತಕಗಳನ್ನು ಇರಿಸುವುದು; ಅವು ಸರದಿಯಂತೆ ಅಂಗನವಾಡಿಗಳಿಗೆ ತಲುಪುವಂತೆ ಮಾಡುವುದು.

ಇ) ಓದುಬರಹ ಬಾರದ ತಾಯಿ, ಅಜ್ಜಿಯರ ಕಥೆಯೂ ಮಗುವಿನ ಓದಿಗೆ ನೆರವಾಗುತ್ತದೆ ಎಂದು ಪೋಷಕರಿಗೆ ತಿಳಿಸುವುದು.

ಈ) ಸದ್ದಿಗೆ ತಿರುಗದ ಅಥವಾ ಎರಡು ವರ್ಷವಾದರೂ ಮಾತು ಬಾರದ ಮಗುವಿದ್ದರೆ, “ತಡವಾಗಿ ಬರುತ್ತದೆ” ಎಂದು ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಗಮನಕ್ಕೆ ತರುವುದು. ಶ್ರವಣದೋಷ ಪತ್ತೆಯಾಗುವುದು ತಡವಾದಷ್ಟೂ ಮಾತಿನ ಕಲಿಕೆ ಕಠಿಣವಾಗುತ್ತದೆ.

ಚರ್ಚೆಗೆ

1. ತಮ್ಮ ವಾರ್ಡಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಪ್ರತಿದಿನ ಕಥೆ ಹೇಳಲಾಗುತ್ತಿದೆಯೇ?

2. ಯಾವ ಮನೆಮಾತಿನ ಮಕ್ಕಳು ಎಷ್ಟಿದ್ದಾರೆ ಎಂಬ ಮಾಹಿತಿ ಪಂಚಾಯಿತಿಯಲ್ಲಿ ಇದೆಯೇ?

3. ಅಕ್ಷರ ಕಲಿಸುವುದಿಲ್ಲವೆಂಬ ದೂರು ಮುಂದಿನ ಗ್ರಾಮ ಸಭೆಯಲ್ಲಿ ಬಂದರೆ ಸದಸ್ಯರು ಕೊಡುವ ಉತ್ತರವೇನು?