ಹೆಡ್‌ಟೀಚರಿಗೆ ಪತ್ರ ಬರೆಯುವ ಮುನ್ನ

ಬೆಳಿಗ್ಗೆ ಏಳೂವರೆ. ಯೂನಿಫಾರ್ಮ್ ಹಾಕಿಕೊಂಡ ಹುಡುಗ ಬಾತ್‌ರೂಮಿನಿಂದ ಹೊರಗೆ ಬರುತ್ತಿಲ್ಲ. ಹೊಟ್ಟೆನೋವು ಅನ್ನುತ್ತಾನೆ. ಶನಿವಾರ, ಭಾನುವಾರ ಸುಳಿಯದ ಹೊಟ್ಟೆನೋವು ಸೋಮವಾರ ತಪ್ಪದೆ ಬರುತ್ತದೆ. ಲಂಡನ್ನಿನ ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್ ಕಡೆಯ ಎಷ್ಟೋ ಕನ್ನಡ ಮನೆಗಳಲ್ಲಿ ಇದು ನಡೆಯುತ್ತಿದೆ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಾಗ ತಾಯಂದಿರು ದನಿ ತಗ್ಗಿಸಿ ಕೇಳುವುದೂ ಇದನ್ನೇ: ‘ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದಂತೆ, ಹೌದಾ?’

ಹೌದು, ಕಲಿಸಬಹುದು. ನನ್ನ ಮಗನಿಗೆ ನಾವು ಹಾಗೇ ಮಾಡಿದೆವು. ಆದರೆ ಶಾಲೆಗೆ ಕೊಡುವ ಪತ್ರ ಈ ದಾರಿಯ ಮೊದಲ ಹೆಜ್ಜೆಯಲ್ಲ. ಅದನ್ನೇ ಮೊದಲು ಇಟ್ಟು ಆಮೇಲೆ ಕಷ್ಟಪಟ್ಟವರನ್ನು ನೋಡಿದ್ದೇನೆ, ಅದಕ್ಕಾಗಿಯೇ ಈ ಲೇಖನ.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಬಿಡೋಣ. ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಅಂದರೆ ಈಟನ್, ಹ್ಯಾರೋದಂಥ ದುಬಾರಿ ಖಾಸಗಿ ಶಾಲೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಹೋಗುವ ಉಚಿತ ಶಾಲೆಗೆ ‘ಸ್ಟೇಟ್ ಸ್ಕೂಲ್’ ಎನ್ನುತ್ತಾರೆ. ಇಲ್ಲಿ ಹೇಳುವುದೆಲ್ಲ ಸ್ಟೇಟ್ ಸ್ಕೂಲಿನ ಮಕ್ಕಳ ಬಗ್ಗೆ, ಅದೂ ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡಿನ ನಿಯಮ ಬೇರೆ.

ಕಾನೂನು ಏನು ಹೇಳುತ್ತದೆ

1996ರ ಎಜುಕೇಷನ್ ಆ್ಯಕ್ಟಿನ 7ನೇ ಸೆಕ್ಷನ್ ಪ್ರಕಾರ ಮಗುವಿನ ವಯಸ್ಸು, ಸಾಮರ್ಥ್ಯ, ಒಲವು ಮತ್ತು ವಿಶೇಷ ಅಗತ್ಯಗಳಿಗೆ ಹೊಂದುವ ಪೂರ್ಣಾವಧಿ ಶಿಕ್ಷಣ ಕೊಡಿಸುವುದು ತಂದೆತಾಯಿಯ ಕರ್ತವ್ಯ. ಅದನ್ನು ಶಾಲೆಗೆ ಕಳಿಸಿಯೂ ಮಾಡಬಹುದು, ‘ಬೇರೆ ರೀತಿಯಲ್ಲೂ’ ಮಾಡಬಹುದು. ಮನೆಶಾಲೆ ನಿಂತಿರುವುದೇ ಆ ‘ಬೇರೆ ರೀತಿ’ ಎಂಬ ಮಾತಿನ ಮೇಲೆ. ನೀವು ಶಿಕ್ಷಕರಾಗಿರಬೇಕಿಲ್ಲ. ನ್ಯಾಷನಲ್ ಕರಿಕ್ಯುಲಮ್ ಅನುಸರಿಸಬೇಕಿಲ್ಲ. ದಿನಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವೂ ಇಲ್ಲ. 2024ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1,11,700 ಮಕ್ಕಳು ಹೀಗೆ ಮನೆಯಲ್ಲಿ ಕಲಿಯುತ್ತಿದ್ದರೆಂದು ಸರ್ಕಾರದ ಅಂದಾಜು. ಊರಿನಿಂದ ಅಜ್ಜಿ ವಿಡಿಯೊ ಕಾಲ್‌ನಲ್ಲಿ ‘ಶಾಲೆ ಬಿಡಿಸಿಬಿಟ್ರಾ?’ ಎಂದು ಗಾಬರಿಯಾದರೆ ಇದನ್ನೆಲ್ಲ ಹೇಳಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಶಿಕ್ಷಣದ ಪ್ರಯೋಗಗಳನ್ನು ಮಾಡಿದ್ದನ್ನೂ ನೆನಪಿಸಿ. ಶಾಲೆಯ ಗೋಡೆಯಾಚೆಯ ಕಲಿಕೆ ನಮಗೇನೂ ಹೊಸದಲ್ಲ.

ಮೊದಲು ಕಾರಣ ಹುಡುಕಿ

ಮಗುವಿನ ತೊಂದರೆ ಎಲ್ಲಿದೆ ಎಂಬುದು ಗೊತ್ತಾಗದೆ ಮುಂದಿನದು ಯಾವುದೂ ಸರಿಹೋಗುವುದಿಲ್ಲ. ಯಾರಾದರೂ ಪೀಡಿಸುತ್ತಿದ್ದಾರೆಯೇ? ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಯಾರ ಕಣ್ಣಿಗೂ ಬೀಳದೆ ಉಳಿದಿದೆಯೇ? ಕಾರಿಡಾರಿನ ಗದ್ದಲ, ನಿದ್ದೆಯಿಲ್ಲದ ರಾತ್ರಿ, ಆತಂಕ? ಮಗನನ್ನೋ ಮಗಳನ್ನೋ ಎದುರು ಕೂರಿಸಿಕೊಂಡು ಕೇಳಿದರೆ ಉತ್ತರ ಬರುವುದು ಅಪರೂಪ. ಕಾರಿನಲ್ಲಿ ಪಕ್ಕದಲ್ಲಿ ಕೂತಾಗ, ಚಪಾತಿ ಲಟ್ಟಿಸುತ್ತ ನಿಂತಾಗ ತಾನಾಗಿ ಬರುತ್ತದೆ.

ಪ್ರತಿ ಶಾಲೆಯಲ್ಲೂ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರೊಬ್ಬರಿರುತ್ತಾರೆ, ಅವರಿಗೆ ‘ಸೆನ್ಕೊ’ ಎನ್ನುತ್ತಾರೆ. ಅವರಿಗೆ ಇಮೇಲ್ ಕಳಿಸಿ ಭೇಟಿ ಕೇಳಿ. ಫೋನಿನಲ್ಲಿ ಮಾತಾಡಿದರೂ ಆಡಿದ ಮಾತನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ಕಳಿಸಿ. ನಿಮ್ಮ ಕುಟುಂಬ ವೈದ್ಯರನ್ನೂ (ಜಿಪಿ) ಕಾಣಿ. ಮಗುವಿಗೆ ಹೆಚ್ಚಿನ ನೆರವು ಬೇಕು ಅನ್ನಿಸಿದರೆ ಇಎಚ್‌ಸಿ (ಎಜುಕೇಷನ್, ಹೆಲ್ತ್ ಆ್ಯಂಡ್ ಕೇರ್) ಪ್ಲಾನ್‌ಗಾಗಿ ಮೌಲ್ಯಮಾಪನ ಮಾಡಿ ಎಂದು ಕೌನ್ಸಿಲ್ಲಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಶಾಲೆಯ ಒಪ್ಪಿಗೆ ಬೇಕಿಲ್ಲ. ಮೌಲ್ಯಮಾಪನ ಮಾಡುತ್ತೇವೋ ಇಲ್ಲವೋ ಎಂದು ಕೌನ್ಸಿಲ್ 6 ವಾರದಲ್ಲಿ ತಿಳಿಸಬೇಕು. ಪ್ಲಾನ್ ಕೊಡುವುದಾದರೆ ಒಟ್ಟು 20 ವಾರದೊಳಗೆ ಕೊಡಬೇಕೆಂಬುದು ನಿಯಮ. ಲಂಡನ್ನಿನ ಅನೇಕ ಕಡೆ ಇದು ತಡವಾಗುತ್ತದೆ, ಆದರೂ ಅರ್ಜಿ ಹಾಕಿಡಿ.

ಇನ್ನೊಂದು ಮಾತು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ. ಕಾಯಿಲೆಯಿಂದ, ಮನಸ್ಸಿನ ಕಾಯಿಲೆಯೂ ಸೇರಿ, ಮಗು 15 ಶಾಲಾದಿನ ಅಥವಾ ಹೆಚ್ಚು ಶಾಲೆಗೆ ಹೋಗಲಾಗದಿದ್ದರೆ ಬದಲಿ ಶಿಕ್ಷಣದ ಏರ್ಪಾಡು ಮಾಡುವ ಹೊಣೆ ಕೌನ್ಸಿಲ್‌ದು. ಆ ಹೊಣೆ ಬರುವುದು ಅದೇ ಎಜುಕೇಷನ್ ಆ್ಯಕ್ಟಿನ 19ನೇ ಸೆಕ್ಷನ್ನಿನಿಂದ. ‘ನಾವೇ ಮನೆಯಲ್ಲಿ ಕಲಿಸುತ್ತೇವೆ’ ಎಂದು ನೀವು ಬರೆದುಕೊಟ್ಟ ದಿನ ಪುಸ್ತಕ, ಟ್ಯೂಟರ್, ಪರೀಕ್ಷಾ ಶುಲ್ಕ ಎಲ್ಲವೂ ನಿಮ್ಮ ಜೇಬಿಗೆ ಬರುತ್ತವೆ. ಪತ್ರ ಕೊನೆಯ ಹೆಜ್ಜೆ ಅನ್ನುವುದು ಇದಕ್ಕೇ.

ನನ್ನ ಮಗ ಇಯರ್ 9ರಲ್ಲಿದ್ದಾಗ ಶಾಲೆಯ ಒಬ್ಬ ಸಿಬ್ಬಂದಿ ಮೊದಲೇ ಟೈಪ್ ಮಾಡಿಸಿದ್ದ ಪತ್ರವನ್ನು ನಮ್ಮ ಮುಂದಿಟ್ಟು, ಸಹಿ ಹಾಕಿದರೆ ಹಾಜರಾತಿಯ ತಲೆನೋವು ಮುಗಿಯುತ್ತದೆ ಎಂದರು. ನಾವು ಹಾಕಲಿಲ್ಲ. ಶಾಲೆಗೆ ಅನುಕೂಲವಾಗಲೆಂದು ಮಗುವನ್ನು ಹೊರಗೆ ಕಳಿಸಲು ಒತ್ತಡ ಹಾಕುವುದು ತಪ್ಪು. ಅದಕ್ಕೆ ‘ಆಫ್-ರೋಲಿಂಗ್’ ಎನ್ನುತ್ತಾರೆ. ಅಂಥ ಮಾತು ಬಂದರೆ ‘ಬರೆದು ಕೊಡಿ’ ಎಂದು ಕೇಳಿ ಎದ್ದು ಬನ್ನಿ.

ಮನೆಯೊಳಗಿನ ಲೆಕ್ಕ

ಯಾರು ಮನೆಯಲ್ಲಿರುತ್ತಾರೆ? ಇಬ್ಬರ ಸಂಬಳದ ಮೇಲೆ ಮಾರ್ಟ್‌ಗೇಜ್ ಕಟ್ಟುತ್ತಿರುವ ಮನೆಗೆ ಇದೇ ದೊಡ್ಡ ಪ್ರಶ್ನೆ. ನಾವು ಮೂರು ವಾರ ಚರ್ಚಿಸಿದೆವು. ನಾನು ವಾರಕ್ಕೆ ಮೂರು ದಿನದ ಕೆಲಸಕ್ಕೆ ಬದಲಾದೆ, ನಮ್ಮ ಮನೆಯವರು ಶುಕ್ರವಾರ ಮನೆಯಿಂದ ಕೆಲಸ ಮಾಡಿದರು. ಹದಿಮೂರು–ಹದಿನಾಲ್ಕರ ಮಗುವಿಗೆ ಇಡೀ ದಿನ ಪಕ್ಕದಲ್ಲಿ ಕೂರುವವರು ಬೇಡ, ಆದರೆ ಮನೆಯಲ್ಲಿ ದೊಡ್ಡವರೊಬ್ಬರು ಇದ್ದಾರೆ ಎಂಬ ಧೈರ್ಯ ಬೇಕು.

ಮಗು ಒಪ್ಪದಿದ್ದರೆ ಶುರು ಮಾಡಬೇಡಿ. ಇಯರ್ 8, 9ರಲ್ಲಿ ಹೊರಬರುವುದು ಸುಲಭ. ಇಯರ್ 10ರಲ್ಲಾದರೆ ಜಿಸಿಎಸ್ಇ ಪಠ್ಯ ನಡುವೆ ತುಂಡಾಗುತ್ತದೆ. ಇಯರ್ 11ರಲ್ಲಿ, ತೀರಾ ಅನಿವಾರ್ಯವಲ್ಲದಿದ್ದರೆ, ಬೇಡ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ವಿಚಾರವನ್ನೂ ತೂಗಿ ನೋಡಿ: ಬಿಟ್ಟ ಸೀಟನ್ನು ಯಾರೂ ಕಾದಿಡುವುದಿಲ್ಲ. ಗ್ರಾಮರ್ ಸ್ಕೂಲಿನ ಸೀಟಾದರಂತೂ ಹೋಯಿತೆಂದೇ ತಿಳಿಯಿರಿ. ಮರಳಿ ಶಾಲೆಗೆ ಸೇರಿಸಬೇಕೆಂದರೆ ‘ಇನ್-ಇಯರ್ ಅಡ್ಮಿಷನ್’ ಅರ್ಜಿ ಹಾಕಬೇಕು, ಎಲ್ಲಿ ಜಾಗವಿದೆಯೋ ಅಲ್ಲಿಗೆ ಹೋಗಬೇಕು.

ಪತ್ರ, ಆಮೇಲೆ ಕೌನ್ಸಿಲ್

ಇಷ್ಟೆಲ್ಲ ಆದ ಮೇಲೂ ಮನೆಶಾಲೆಯೇ ಸರಿ ಅನ್ನಿಸಿದರೆ ಈಗ ಪತ್ರ. ಹೆಡ್‌ಟೀಚರ್ ಹೆಸರಿಗೆ ಬರೆಯಿರಿ. ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ, ಯಾವ ದಿನದಿಂದ ಎಂಬುದು, ಶಿಕ್ಷಣದ ಹೊಣೆಯನ್ನು ನಾವೇ ಮನೆಯಲ್ಲಿ ವಹಿಸಿಕೊಂಡಿದ್ದೇವೆ ಎಂಬ ಒಂದು ವಾಕ್ಯ, ಅಡ್ಮಿಷನ್ ರಿಜಿಸ್ಟರಿನಿಂದ ಹೆಸರು ತೆಗೆದು ಲಿಖಿತವಾಗಿ ತಿಳಿಸಿ ಎಂಬ ಕೋರಿಕೆ. ಇಷ್ಟು ಸಾಕು. ಕಾರಣ ಹೇಳಬೇಕಿಲ್ಲ, ಸಾಮಾನ್ಯ ಶಾಲೆಯಾದರೆ ಅನುಮತಿಯನ್ನೂ ಕೇಳಬೇಕಿಲ್ಲ. ಆದರೆ ಕೌನ್ಸಿಲ್ ಏರ್ಪಾಡಿನ ಮೇಲೆ ಸ್ಪೆಷಲ್ ಸ್ಕೂಲಿನಲ್ಲಿರುವ ಮಗುವಿಗೆ ಕೌನ್ಸಿಲ್ ಒಪ್ಪಿಗೆ ಬೇಕು. ಶಾಲೆಗೆ ಕಳಿಸಲೇಬೇಕೆಂಬ ‘ಸ್ಕೂಲ್ ಅಟೆಂಡೆನ್ಸ್ ಆರ್ಡರ್’ ಜಾರಿಯಲ್ಲಿದ್ದರೂ ಬರೀ ಪತ್ರದಿಂದ ಕೆಲಸ ಆಗುವುದಿಲ್ಲ.

ಪತ್ರ ಕೊಡದೆ ಸುಮ್ಮನೆ ಕಳಿಸುವುದನ್ನು ನಿಲ್ಲಿಸಬೇಡಿ. ಅದು ಅನಧಿಕೃತ ಗೈರುಹಾಜರಿಯಾಗುತ್ತದೆ. 2024ರ ಆಗಸ್ಟ್‌ನಿಂದ ದಂಡ ತಂದೆಗೆ, ತಾಯಿಗೆ ತಲಾ 160 ಪೌಂಡ್. ಮೊದಲ ಸಲ 21 ದಿನದೊಳಗೆ ಕಟ್ಟಿದರೆ 80.

ಹೆಸರು ತೆಗೆದ ಸುದ್ದಿಯನ್ನು ಶಾಲೆಯೇ ಕೌನ್ಸಿಲ್ಲಿಗೆ ಮುಟ್ಟಿಸುತ್ತದೆ. ಕೆಲವು ವಾರಗಳಲ್ಲಿ ನಿಮ್ಮ ಬರೋ ಕೌನ್ಸಿಲ್ಲಿನ ‘ಎಲೆಕ್ಟಿವ್ ಹೋಮ್ ಎಜುಕೇಷನ್’ ವಿಭಾಗದ ಪತ್ರ ಬರುತ್ತದೆ. ಹೆದರಬೇಡಿ, ಉತ್ತರಿಸದೆಯೂ ಇರಬೇಡಿ. ಏನು ಕಲಿಸುತ್ತಿದ್ದೀರಿ, ಯಾವ ಪುಸ್ತಕ, ಎಲ್ಲಿಗೆ ಹೋಗಿಬಂದಿರಿ, ಮಗು ಬರೆದ ನಾಲ್ಕು ಹಾಳೆಯ ಮಾದರಿ: ಇಷ್ಟಿರುವ ವರದಿ ಕಳಿಸಿ. ಉತ್ತರ ಬರದಿದ್ದರೆ, ಶಿಕ್ಷಣ ಸರಿಯಾಗಿ ಸಿಗುತ್ತಿಲ್ಲವೆಂದು ಕೌನ್ಸಿಲ್ ಭಾವಿಸಿ ನೋಟಿಸ್ ಕೊಡಬಹುದು. ಅದು ಮುಂದುವರಿದರೆ ಶಾಲೆಗೆ ಕಳಿಸಬೇಕೆಂಬ ಆದೇಶವಾಗುತ್ತದೆ. ಮನೆಯಲ್ಲಿ ಕಲಿಯುವ ಮಕ್ಕಳ ಕಡ್ಡಾಯ ನೋಂದಣಿಯ ಮಸೂದೆ 2024ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ಬಂತು. ಹಾಗಾಗಿ ನಿಯಮ ಬದಲಾಗಿರಬಹುದು, ಪತ್ರ ಕೊಡುವ ವಾರದಲ್ಲೇ ಸರ್ಕಾರದ ಮತ್ತು ನಿಮ್ಮ ಕೌನ್ಸಿಲ್ಲಿನ ವೆಬ್‌ಸೈಟ್ ಓದಿಕೊಳ್ಳಿ.

ಮೊದಲ ವಾರಗಳು

ನಾನು ಮೊದಲ ಸೋಮವಾರವೇ ಒಂಬತ್ತರಿಂದ ಮೂರರವರೆಗಿನ ಟೈಮ್‌ಟೇಬಲ್ ಅಡುಗೆಮನೆಯ ಗೋಡೆಗೆ ಅಂಟಿಸಿದ್ದೆ. ಗುರುವಾರದ ಹೊತ್ತಿಗೆ ಮಗನ ಹೊಟ್ಟೆನೋವು ವಾಪಸ್ ಬಂತು. ಬಿಟ್ಟು ಬಂದ ಶಾಲೆಯನ್ನೇ ಮನೆಯೊಳಗೆ ಕಟ್ಟಲು ಹೊರಟಿದ್ದೆ. ಹಾಳೆ ಕಿತ್ತು ಹಾಕಿದೆ. ಆರು ವಾರ ಅವನು ಚೆನ್ನಾಗಿ ನಿದ್ದೆ ಮಾಡಿದ, ನಡೆದಾಡಿದ, ಅಡುಗೆ ಕಲಿತ, ನಗಲು ಶುರುಮಾಡಿದ. ಇದು ವ್ಯರ್ಥ ಕಾಲವಲ್ಲ. ನೊಂದ ಮಗುವಿಗೆ ಮೊದಲು ಬೇಕಾದದ್ದು ವಿಶ್ರಾಂತಿ.

ಆಮೇಲೆ ಗಣಿತ, ಇಂಗ್ಲಿಷ್, ಜೊತೆಗೆ ಮಗುವಿಗೆ ಇಷ್ಟವಾದ ಯಾವುದಾದರೂ ಒಂದು. ಈ ಮೂರರಿಂದ ಶುರುಮಾಡಿ, ಬೆಳಿಗ್ಗೆ ಎರಡು ಗಂಟೆ ಸಾಕು. ಓಕ್ ನ್ಯಾಷನಲ್ ಅಕಾಡೆಮಿಯ ವಿಡಿಯೊ ಪಾಠಗಳು, ಬಿಬಿಸಿ ಬೈಟ್‌ಸೈಜ್, ಬರೋ ಲೈಬ್ರರಿ ಎಲ್ಲವೂ ಉಚಿತ. 11ರಿಂದ 15 ವರ್ಷದ ಝಿಪ್ ಆಯ್‌ಸ್ಟರ್ ಕಾರ್ಡ್ ಇದ್ದರೆ ಬಸ್ಸೂ ಉಚಿತ. ಸೌತ್ ಕೆನ್ಸಿಂಗ್ಟನ್‌ನ ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಳಿಗೆ ವಾರದ ದಿನ ಹೋಗಿ. ಅಲ್ಲೇ ವಿ ಆ್ಯಂಡ್ ಎ ಮ್ಯೂಸಿಯಂನಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತು ತಂದ ಟಿಪ್ಪುವಿನ ಹುಲಿ ಇದೆ. ನನ್ನ ಮಗ ಇತಿಹಾಸದ ಮೊದಲ ಪ್ರಬಂಧ ಬರೆದದ್ದು ಅದರ ಮೇಲೆ. ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವಣ್ಣನ ಪ್ರತಿಮೆಯವರೆಗೆ ನಡೆದುಹೋದ ದಿನ ವಚನಗಳ ಪಾಠವಾಯಿತು. ಕನ್ನಡಕ್ಕೆ ಜಿಸಿಎಸ್ಇ ಇಲ್ಲ, ಆದರೂ ವಾರಕ್ಕೊಂದು ಪುಟ ಅಜ್ಜಿಗೆ ಕನ್ನಡದಲ್ಲಿ ಬರೆಸಿ.

ಗೆಳೆಯರು? ಕ್ರಿಕೆಟ್ ಕ್ಲಬ್, ಸ್ಕೌಟ್ಸ್, ಹದಿನಾಲ್ಕು ತುಂಬಿದವರಿಗೆ ಡ್ಯೂಕ್ ಆಫ್ ಎಡಿನ್‌ಬರ್ಗ್ ಅವಾರ್ಡ್. ಟ್ಯೂಟರ್ ಇಟ್ಟುಕೊಂಡರೆ ಡಿಬಿಎಸ್ (ಅಪರಾಧ ಹಿನ್ನೆಲೆ ಪರಿಶೀಲನೆಯ) ಪ್ರಮಾಣಪತ್ರ ಕೇಳಿ. ಶಾಲೆಯಲ್ಲಿ ಹಾಕುವ ಎಚ್‌ಪಿವಿ ಮುಂತಾದ ಲಸಿಕೆ ತಪ್ಪಿಹೋಗದಂತೆ ಜಿಪಿ ಹತ್ತಿರ ವಿಚಾರಿಸಿ. ಮನೆಶಾಲೆ 16 ತುಂಬುವ ಮೊದಲೇ ಶುರುವಾಗಿದ್ದರೆ ಆಮೇಲೂ ಚೈಲ್ಡ್ ಬೆನಿಫಿಟ್ ಮುಂದುವರಿಸಬಹುದು.

ಪರೀಕ್ಷೆಗೆ ಪ್ರೈವೇಟಾಗಿ ಕಟ್ಟುವುದು

ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಪ್ರೈವೇಟಾಗಿ ಕಟ್ಟುತ್ತಾರಲ್ಲ, ಹಾಗೆಯೇ ಇಲ್ಲಿ ಜಿಸಿಎಸ್ಇಗೂ ‘ಪ್ರೈವೇಟ್ ಕ್ಯಾಂಡಿಡೇಟ್’ ಆಗಿ ಕಟ್ಟಬಹುದು. ಮನೆಯಲ್ಲಿ ಕಲಿಯುವವರು ಹೆಚ್ಚಾಗಿ ಇಂಟರ್‌ನ್ಯಾಷನಲ್ ಜಿಸಿಎಸ್ಇ ಆರಿಸಿಕೊಳ್ಳುತ್ತಾರೆ. ಅನೇಕ ವಿಷಯಗಳಲ್ಲಿ ಬರೀ ಲಿಖಿತ ಪರೀಕ್ಷೆಯಿದ್ದು, ಶಾಲೆಯಲ್ಲೇ ಮಾಡಿ ತೋರಿಸಬೇಕಾದ ಕೆಲಸ ಇರುವುದಿಲ್ಲ ಎಂಬುದೇ ಕಾರಣ. ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ ಎರಡೂ ಪಿಯರ್ಸನ್ ಎಡೆಕ್ಸೆಲ್, ಕೇಂಬ್ರಿಜ್ ಮಂಡಳಿಗಳ ವೆಬ್‌ಸೈಟಿನಲ್ಲಿವೆ.

ಕಷ್ಟವಾಗುವುದು ಪರೀಕ್ಷಾ ಕೇಂದ್ರ ಸಿಗುವುದು. ಮೇ–ಜೂನ್ ಪರೀಕ್ಷೆಗೆ ಹಿಂದಿನ ಸೆಪ್ಟೆಂಬರಿನಲ್ಲೇ ಕೇಂದ್ರಕ್ಕೆ ಬರೆಯಿರಿ, ಫೆಬ್ರುವರಿಯವರೆಗೆ ಕಾದರೆ ಜಾಗ ತುಂಬಿರುತ್ತದೆ. ಹೆಚ್ಚುವರಿ ಸಮಯವೋ ಪ್ರತ್ಯೇಕ ಕೋಣೆಯೋ ಬೇಕಿದ್ದರೆ ಆ ಮೊದಲ ಪತ್ರದಲ್ಲೇ ಹೇಳಿ. ಶುಲ್ಕ ಒಂದೊಂದು ವಿಷಯಕ್ಕೂ ನೂರಾರು ಪೌಂಡ್ ಆಗಬಹುದು. ಒಂಬತ್ತು ವಿಷಯ ಕಟ್ಟಬೇಕೆಂಬ ಹಟ ಬಿಡಿ. ಇಂಗ್ಲಿಷ್, ಗಣಿತ ಸೇರಿ ಐದು ವಿಷಯ ಚೆನ್ನಾಗಿ ಆದರೆ ಅನೇಕ ಕಾಲೇಜುಗಳ ಬಾಗಿಲು ತೆರೆಯುತ್ತದೆ, ಅದನ್ನೂ ಎರಡು ಬೇಸಿಗೆಗೆ ಹಂಚಿಕೊಳ್ಳಬಹುದು. 2013ರಿಂದ ಕೆಲವು ಫರ್ದರ್ ಎಜುಕೇಷನ್ ಕಾಲೇಜುಗಳು ಮನೆಯಲ್ಲಿ ಕಲಿಯುವ 14ರಿಂದ 16ರ ಮಕ್ಕಳನ್ನು ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತಿವೆ. ನಿಮ್ಮ ಹತ್ತಿರದ ಕಾಲೇಜಿಗೆ ಫೋನ್ ಮಾಡಿ ಕೇಳಿ.

ಪತ್ರವನ್ನು ಬರೆದಿಟ್ಟುಕೊಳ್ಳಿ, ಆದರೆ ಇವತ್ತೇ ಕಳಿಸಬೇಡಿ. ಪ್ರತಿ ಬರೋದಲ್ಲೂ ವಿಶೇಷ ಅಗತ್ಯದ ಮಕ್ಕಳ ಪೋಷಕರಿಗೆ ಉಚಿತ ಸಲಹೆ ಕೊಡುವ ‘ಸೆಂಡಿಯಾಸ್’ ಸೇವೆಯಿದೆ, ನೆರವಿಗೆ ‘ಇಪ್ಸಿಯಾ’ ಎಂಬ ಕಾನೂನು ಸಲಹೆಯ ಸಂಸ್ಥೆಯೂ ಇದೆ. ಸಹಿ ಹಾಕುವ ಮುನ್ನ ಅವರಲ್ಲೊಬ್ಬರ ಜೊತೆ ದಯವಿಟ್ಟು ಮಾತಾಡಿ.