ಉಡುಗೆ ಸಲಹೆಯ ವೃತ್ತಿ: ಆರಂಭದ ಅನುಭವ ಮತ್ತು ಅದರ ಲೆಕ್ಕ

ಗಿರಾಕಿಯ ಮೈಕಟ್ಟು, ವಯಸ್ಸು, ಸಂದರ್ಭ ಮತ್ತು ಹಣದ ಮಿತಿಯನ್ನು ಅರಿತು ಉಡುಗೆ-ತೊಡುಗೆಗಳನ್ನು ಆರಿಸಿಕೊಡುವವರನ್ನು ‘ಪರ್ಸನಲ್ ಸ್ಟೈಲಿಸ್ಟ್’ ಎನ್ನುತ್ತಾರೆ. ಚಿಂಚಲಿಯಂಥ ಊರಿನಲ್ಲಿ ಈ ವೃತ್ತಿಗಿಳಿಯುವ ತರುಣಿಗೆ ಮೊದಲ ಪಾಠಶಾಲೆ ಮದುವೆಯ ಬಸ್ತಾ. ಮದುಮಗಳಿಂದ ಹಿಡಿದು ಸೋದರತ್ತೆಯವರೆಗೆ ಹತ್ತಾರು ಜನರ ಅಭಿರುಚಿ, ಮುನಿಸು, ಬಜೆಟ್ಟು ಒಂದೇ ದಿನ ಎದುರಾಗುತ್ತವೆ.

ಸರಕಿನ ಜ್ಞಾನವನ್ನು ಅಂಗಡಿಯಲ್ಲೂ ಮಗ್ಗದ ಬಳಿಯಲ್ಲೂ ಸಂಪಾದಿಸಬೇಕು. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕುಣಿಕೆಗಳಿಂದ ಜೋಡಿಸಿ ನೇಯುತ್ತಾರೆ. ಆ ಜೋಡಣೆಯನ್ನು ಬೆರಳಿನಿಂದ ಗುರುತಿಸಬಲ್ಲವಳ ಮಾತಿಗೆ ಗಿರಾಕಿ ಕಿವಿಗೊಡುತ್ತಾಳೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಸೂಚ್ಯಂಕದಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಥಣಿಯಲ್ಲಿ ಸಿಗುವುದಕ್ಕಾಗಿ ಕೊಲ್ಹಾಪುರದವರೆಗೆ ಹೋಗುವ ಮನೆಗಳು ನಮ್ಮಲ್ಲಿವೆ ಎಂಬುದು ಬೇರೆ ಮಾತು.

ಆರಂಭದಲ್ಲಿ ಬಂಧುಗಳ ಮನೆಯ ಕೆಲಸವನ್ನು ಉಚಿತವಾಗಿ ಮಾಡುವುದು ಅನಿವಾರ್ಯ. ಆದರೆ ಅದಕ್ಕೆ ಎಲ್ಲೆ ಬೇಕು. ಮೂರು ಅಥವಾ ನಾಲ್ಕು ಮದುವೆ ಸಾಕೆಂಬುದು ನನ್ನ ಅಭಿಪ್ರಾಯ. ಮದುವೆಯಲ್ಲಿ ಬಂದ ಆಹೇರನ್ನು ವಹಿಯಲ್ಲಿ ಬರೆದಿಡುವ ನಾವು ಕೊಟ್ಟ ದುಡಿಮೆಯನ್ನು ಮಾತ್ರ ಬರೆಯುವುದಿಲ್ಲ. ಪ್ರತಿ ಕೆಲಸದ ದಿನಾಂಕ, ಹಿಡಿದ ಸಮಯ, ವೆಚ್ಚ, ಆರಿಸಿದ ಬಟ್ಟೆ, ಗಿರಾಕಿ ಒಪ್ಪಿದ್ದು ಮತ್ತು ತಿರಸ್ಕರಿಸಿದ್ದು ಇವೆಲ್ಲ ದಾಖಲಾಗಬೇಕು. ಅನುಮತಿ ಪಡೆದು ತೆಗೆದ ಛಾಯಾಚಿತ್ರವೂ ಜೊತೆಗಿರಲಿ.

ದರ ನಿಗದಿಗೆ ಒಂದು ಉದಾಹರಣೆ ನೋಡೋಣ. ಖರೀದಿಗೆ ಒಂದು ದಿನ, ಉಡಿಸಿ ನೋಡಲು ಅರ್ಧ ದಿನ, ಮದುವೆಗೆ ಒಂದು ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ ರೂ. 700ರಂತೆ ರೂ. 1,750, ಪ್ರಯಾಣ, ಪಿನ್ನು ಇತ್ಯಾದಿಗೆ ರೂ. 1,000, ಒಟ್ಟು ರೂ. 2,750. ಇದಕ್ಕೆ ರೂ. 1,500 ಪಡೆದರೆ ಉಳಿದ ರೂ. 1,250 ಆಕೆ ತನಗೆ ಅರಿವಿಲ್ಲದೆ ಕೊಟ್ಟ ಆಹೇರು.

ಇಲ್ಲಿ ಅಂಗಡಿಯ ಕಮಿಷನ್ನಿನ ಪ್ರಶ್ನೆ ಏಳುತ್ತದೆ. ಗಿರಾಕಿಯಿಂದ ಶುಲ್ಕ, ಅಂಗಡಿಯಿಂದ ಕಮಿಷನ್ ಎರಡನ್ನೂ ಗುಟ್ಟಾಗಿ ಪಡೆದರೆ ಸಲಹೆ ಯಾರ ಪರವಾಗಿದೆ ಎಂಬ ಸಂಶಯ ಸಹಜ, ಮತ್ತು ಚಿಕ್ಕ ಊರಿನಲ್ಲಿ ಇಂಥ ಗುಟ್ಟು ಎರಡು ಬಸ್ತಾ ದಾಟುವುದಿಲ್ಲ. ಕಮಿಷನ್ ಪಡೆಯುವುದಾದರೆ ಮೊದಲೇ ತಿಳಿಸಬೇಕು. ಅದೂ ಆದಾಯವೇ ಆದ್ದರಿಂದ ಲೆಕ್ಕದಲ್ಲಿ ತೋರಿಸತಕ್ಕದ್ದು.

ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. 2020ರ ಜುಲೈ 1ರಂದು ಜಾರಿಗೆ ಬಂದ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000ದವರೆಗೆ ಸಾಲವುಂಟು. ಅರ್ಜಿಯೊಡನೆ ಮೇಲೆ ಹೇಳಿದ ವಹಿಯನ್ನೂ ಬ್ಯಾಂಕಿಗೆ ಒಯ್ಯುವುದು ಒಳಿತು.